ಕಾಕಾನ ನಾಲ್ಕಿಂಚು

ನಮ್ಮ ಕಾಕಾನಂಥ ಅಂಜುಬುರುಕರು ಇಡೀ ಕಮರಿಪ್ಯಾಟಿ ಹುಡುಕಿದ್ರೂ ನಿಮಗ ಸಿಗೂದಿಲ್ಲ. ನಾಯಿಗೆ ಅಂಜತಾರ, ಹಲ್ಲಿಗೆ ಅಂಜತಾರ, ಸೂಜಿಗೆ ಅಂಜಿ ದವಾಖಾನಿ ಇರೋ ಓಣಿನ ಬಿಟ್ಟು ಸುತ್ತು ಹಾಕಿ ಮನಿಗೆ ಬರ್ತಾರ. ಎಲ್ಲಾಕಿಂತ ಹೆಚ್ಚಿನ ಅಂಜಿಕಿ ಯಾವುದು ಗೊತ್ತೇನ್ರಿ? ಪೈಪ್ ಬಗ್ಗಿಸೂದು. ಅವರ ಹೊಟ್ಟಿಪಾಡೇ ಅದು!

"ತಾಮ್ರದ ಪೈಪು ಒಮ್ಮೆ ತಪ್ಪಿ ಬಗ್ಗಿತಂದ್ರ ಮತ್ತ ಮೊದಲಿನಂಗ ಸೀದಾ ಆಗಂಗಿಲ್ಲೋ ತಮ್ಮಾ" ಅಂತ ಏಳು ಸಲ ಅಳೀತಾರ. ಗ್ವಾಡಿ ಮ್ಯಾಲ ಏನರ ಅಡ್ಡ ಬಂದ್ರ, ಪೈಪು ಎಷ್ಟು ಇಂಚು ಮ್ಯಾಲ ಏರಬೇಕೋ ಅದನ್ನ ಒಂದು ಪಾಯಿಂಟ್ ನಾಲ್ಕರಿಂದ ಗುಣಿಸಬೇಕಂತ. ಎರಡು ತಿರುವಿನ ನಡುವ ಅಷ್ಟು ಅಂತರ. ನಲವತ್ತೈದು ಡಿಗ್ರಿ ಲೆಕ್ಕ. ಒಮ್ಮೆ ಓಣ್ಯಾಗ ನಾಯಿ ಅಡ್ಡ ಮಲಗಿತ್ತು. "ಎರಡು ಅಡಿ ಸರಿಬೇಕು, ಅಂದ್ರ ಓರೆ ಎರಡು ಪಾಯಿಂಟ್ ಎಂಟು ಅಡಿ ನಡೀಬೇಕು" ಅಂತ ಕಾಕಾ ಅಲ್ಲೇ ನಿಂತು ಲೆಕ್ಕಾ ಹಾಕಿದ್ರು. ಲೆಕ್ಕಾ ಮುಗಿಯೂದ್ರಾಗ ನಾಯಿ ಎದ್ದು ಹೋತು.

ಮೊನ್ನೆ ಮುಂಜಾನೆ ದವಾಖಾನ್ಯಾಗ, ಕಾಕಾನ ಹೆಂಡತಿ ನಮ್ಮ ಕಾಕುನ ಎದಿ ಆಪರೇಷನ್ನಿಗೆ ಸಹಿ ಮಾಡ್ರಿ ಅಂತ ಡಾಕ್ಟರು ಕಾಗದ ಕೊಟ್ರು. "ಬಂದೆ" ಅಂದ ಕಾಕಾ ಮಾಯ. ಹುಡುಕಿ ತಾ ಅಂತ ಅವ್ವ ನನ್ನ ಓಡಿಸಿದಳು. ಮನಿಗೆ ಹೋಗಿ ನೋಡಿದ್ರ, ಅಡಗಿಮನ್ಯಾಗ ಹೊಸಾ ಗ್ಯಾಸ್ ಪೈಪ್ ಹಿಡಕೊಂಡು ಕುಂತಾರ.

"ಕಾಕಾ, ಅಲ್ಲಿ ಡಾಕ್ಟರು ಕಾಯಾಕತ್ತಾರ್ರಿ."

"ನಾಲ್ಕಿಂಚಿಗೆ ಎಷ್ಟಾಗತೈತೋ? ಲೆಕ್ಕಾ ಹತ್ತವಲ್ದು ನನಗ."

"ಐದೂವರಿ ಚಿಲ್ಲರ. ಅಲ್ರಿ, ಬರೇ ಗ್ವಾಡಿ ಐತಿ. ಏನು ಅಡ್ಡ ಬಂದೈತಂತ ಇಲ್ಲಿ ಬಗ್ಗಸ್ತೀರಿ?"

ಕಾಕಾ ಬೊಟ್ಟು ಮಾಡಿ ತೋರಿಸಿದ್ರು. ಗ್ವಾಡಿ ಮ್ಯಾಲ ಒಂದು ಎಣ್ಣಿ ಕಲಿ ಇತ್ತು. ದಿನಾ ಅಡಗಿ ಮುಗಿಸಿ ಕಾಕು ನೆಲದ ಮ್ಯಾಲ ಕುಂತು ತಲಿ ಆನಿಸೋ ಜಾಗ ಅದು.

"ಪೈಪು ಸೀದಾ ಒಯ್ದ್ರ ಆಕಿ ತಲಿಗೆ ಬಡೀತೈತಿ" ಅಂದ್ರು. ಆಮ್ಯಾಲ ಸಣ್ಣ ದನಿಯಾಗ, "ಬಂದು ಕುಂಡ್ರತಾಳಲ್ಲೋ?"

ಜೀವಮಾನ ಪೂರ್ತಿ ಅವರ ಅಂಜಿಕಿಗೆ ನಕ್ಕಾಂವ ನಾನು. ಈಗ ಅವರ ಬಾಜೂಕ ಕುಂತು ಆ ಕಲಿ ನೋಡಿದೆ.

"ಆಪರೇಷನ್ ಆದಾಕಿನ್ನ ತಣ್ಣನ ನೆಲದ ಮ್ಯಾಲ ಕುಂಡ್ರಸಾಕ ಬರಂಗಿಲ್ರಿ ಕಾಕಾ. ಕೆಳಗ ದಿಂಬು ಹಾಕಬೇಕು. ತಲಿ ಎರಡಿಂಚು ಮ್ಯಾಲ ಬರತೈತಿ."

ಕಾಕಾ ನಾಲ್ಕಿಂಚಿನ ಗುರ್ತು ಅಳಿಸಿ ಆರಿಂಚಿಗೆ ಗೆರಿ ಹಾಕಿದ್ರು. ಒಂದ ಸಲ ಅಳದ್ರು. ಪೈಪು ಬಗ್ಗಿಸಿದ್ರು.

"ನಡಿ" ಅಂದ್ರು. "ಪೆನ್ ಐತಿಲ್ಲೋ ನಿನ್ನ ಹತ್ರ?"