ವಿಭೂತಿಗೆ ಜಾಗವಿರುವ ಚಕ್ರ

ಎತ್ತು ಕೊಳ್ಳುವಾಗ ಹಲ್ಲು ನೋಡು, ಕುಂಬಳಕಾಯಿ ಕೊಳ್ಳುವಾಗ ತೊಟ್ಟು ನೋಡು ಎಂದು ಹೇಳಿಹೋದ ನಮ್ಮ ಹಿರಿಯರು, ಬೈಕ್ ಕೊಳ್ಳುವಾಗ ಏನು ನೋಡಬೇಕೆಂದು ಮಾತ್ರ ಹೇಳಿಹೋಗಲಿಲ್ಲ. ಹಾಗಾಗಿ ನಾನು ಆಯುಧಪೂಜೆಯನ್ನು ನೆನೆದು ಚಕ್ರ ನೋಡಿದೆ. ಕಡ್ಡಿಗಳ ಚಕ್ರಕ್ಕೆ ಮೂರು ಪಟ್ಟೆ ವಿಭೂತಿ ಎಳೆಯಲು ಜಾಗವೆಲ್ಲಿ? ಎರಕ ಹೊಯ್ದ ಅಲಾಯ್ ಚಕ್ರಕ್ಕಾದರೋ ಅಗಲವಾದ ಆರು ಕಾಲು. ಅದಿದ್ದ ಬೈಕನ್ನೇ ಕೊಂಡೆ. ಆಗಿನ್ನೂ ನಂಜನಗೂಡಿನಲ್ಲಿ ಅಂಥ ಚಕ್ರ ಹೊಸದು. ಬೀದಿಯವರೆಲ್ಲ ಬಗ್ಗಿ ನೋಡಿ ಹೋದರು. ನಾನೂ ದಿನಕ್ಕೊಮ್ಮೆ ಬಗ್ಗಿ ನೋಡುತ್ತಿದ್ದೆ.

ತಲಕಾಡಿನಲ್ಲಿದ್ದ ಬಸುರಿ ನಾದಿನಿಗೆ ಅಕ್ಕನ ಕೈಯ ಗಸಗಸೆ ಪಾಯಸದ ಬಯಕೆಯಾಯಿತು. ಬಸುರಿಯ ಬಯಕೆ ತಪ್ಪಿಸಿದವನು ಕೆಟ್ಟ ಎಂಬ ಮಾತನ್ನು ಹೆಂಡತಿ ಎರಡು ಸಲ ನೆನಪಿಸಿ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಮೂಗೂರಿನ ಬಾಮೈದ ಶಿವು ನರಸೀಪುರದಲ್ಲಿ ಜೊತೆಯಾದ. ಅವನದು ಬೆಟ್ಟಗುಡ್ಡ ಹತ್ತಲೆಂದೇ ಮಾಡಿದ ಎತ್ತರದ ಬೈಕ್. ಕಡ್ಡಿಗಳದೇ ಮುಂದಿನ ಚಕ್ರ ನನ್ನ ತೊಡೆಯವರೆಗೆ ಬರುತ್ತಿತ್ತು. ಟೈರಿನ ಮೇಲೆ ಹಲಸಿನಕಾಯಿಯ ಮುಳ್ಳು.

"ಇದೇನೋ, ಒಂದು ಚಕ್ರ ದೊಡ್ಡದು, ಒಂದು ಚಿಕ್ಕದು? ವಿಭೂತಿ ಎಲ್ಲಿ ಹಚ್ತೀಯೋ?" ಎಂದೆ.

"ಹಣೆಗೆ ಹಚ್ಕೋತೀನಿ ಬುಡಿ ಭಾವ."

ಮುಂದೆ ರಸ್ತೆಗೆ ಅಡ್ಡವಾಗಿ ಯಾರೋ ಅಗೆದು ಬಿಟ್ಟಿದ್ದರು. ನನ್ನ ಪುಟ್ಟ ಚಕ್ರ ಆ ಗುಂಡಿಯನ್ನು ದಾಟುವ ಬದಲು ಅದರೊಳಗೆ ಪ್ರವೇಶಿಸಿತು. ಟಂಗ್! ಅಲಾಯ್ ಅಂಚು ಬಿಸ್ಕತ್ತಿನಂತೆ ಮುರಿದು ಗಾಳಿ ಹೊರಟುಹೋಯಿತು.

"ರೀ, ಪಾಯಸ!" ಎಂದಳು ಹೆಂಡತಿ. ನನಗೆ ಪೆಟ್ಟಾಯಿತೇ ಎಂದು ಕೇಳುವುದು ಆಮೇಲಿನ ಮಾತು.

ಅವಳು ಡಬ್ಬದೊಂದಿಗೆ ತಮ್ಮನ ಹಿಂದೆ ಏರಿದಳು. ಆಗ ಕಂಡದ್ದನ್ನು ಕೈಮುಗಿದೇ ಬರೆಯಬೇಕು. ಆ ಮಹಾಚಕ್ರ ಗುಂಡಿಗೆ ಇಳಿಯಿತೋ ಇಲ್ಲವೋ ತಿಳಿಯಲಿಲ್ಲ. ಬಡಕಲು ಕಡ್ಡಿಗಳೆಲ್ಲ ಸೇರಿ ಪೆಟ್ಟನ್ನು ಹಂಚಿಕೊಂಡು ನುಂಗಿದವು, ಒಟ್ಟು ಕುಟುಂಬದಲ್ಲಿ ಅತ್ತೆಯ ಬೈಗುಳವನ್ನು ಸೊಸೆಯರು ಹಂಚಿಕೊಂಡ ಹಾಗೆ. ಆಚೆಯ ಮರಳಿನಲ್ಲೂ ಬೈಕ್ ಸರಸರನೆ ಹೋಯಿತು. ಬಾಯಿ ಬಿಟ್ಟುಕೊಂಡೇ ನಿಂತಿದ್ದೆ.

ಬಹಳ ಹೊತ್ತಿನ ಮೇಲೆ ಎತ್ತಿನ ಗಾಡಿಯೊಂದು ಬಂತು. "ಕೆಟ್ಟೋಯ್ತಾ ಸಾ? ಅತ್ತಿಸಿ, ಊರ್ಗಂಟ ಬುಡ್ತೀನಿ" ಎಂದ ಗಾಡಿಯವನು. ಇಬ್ಬರೂ ಸೇರಿ ಬೈಕನ್ನು ಗಾಡಿಯಲ್ಲಿ ಮಲಗಿಸಿದೆವು. ರೋಗಿಯ ಪಕ್ಕದಲ್ಲಿ ಕೂರುವಂತೆ ನಾನು ಕೂತೆ. ಗಾಡಿ ಒಮ್ಮೆ ತೂಗಾಡಿ ಆ ಗುಂಡಿಯನ್ನು ದಾಟಿಯೇಬಿಟ್ಟಿತು.

ತಲಕಾಡು ತಲುಪಿದಾಗ ಡಬ್ಬವನ್ನು ತೊಳೆದು ಬೋರಲು ಹಾಕಿದ್ದರು. ಒಂದು ತೊಟ್ಟೂ ಚೆಲ್ಲಿರಲಿಲ್ಲವಂತೆ. ನಾದಿನಿ ತುಟಿ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, "ಭಾವ, ಯಾವುದ್ರಲ್ಲಿ ಬಂದ್ರಿ?" ಎಂದಳು.

ತಿರುಗಿ ಗಾಡಿಯನ್ನು ನೋಡಿದೆ. ನನ್ನ ಎದೆಯೆತ್ತರದ ಚಕ್ರ. ಅದರ ಮರದ ಕಾಲು ಒಂದೊಂದೂ ನಾಲ್ಕು ಬೆರಳಗಲ. ಗುಂಡಿಗೂ ಸೈ, ವಿಭೂತಿಗೂ ಸೈ.

"ಬೈಕ್ ಅಂಗಡಿಯಲ್ಲಿ ಯಾವ ಚಕ್ರ ಕೇಳೋಕೆ ಮರೆತಿದ್ದೆನೋ, ಅದ್ರಲ್ಲಿ ನೋಡಮ್ಮ" ಎಂದೆ.