ಮಲದಾನಿಗಳು ಬಿಲ್ಡಪ್ ಕೊಡುವುದನ್ನು ನಿಷೇಧಿಸುವ ಬಗ್ಗೆ

ಓದುಗ ಮಹಾಶಯರೇ, ಎದ್ದು ನಿಂತು ಓದಿ. ದೊಡ್ಡಮ್ಮನ ಜೀವ ಉಳಿಸಿದ ಕರುಳು ಮಾತಾಡುತ್ತಿದೆ. ಎಂಟ್ರಿ ಕೊಟ್ಟಿದ್ದು ಒಂದೇ ಸಲ, ರೋಗಾಣುಗಳೆಲ್ಲ ಪರಾರಿ!

ಸಂಖ್ಯೆ: ಕರುಳು/ದಾನ/ಬಿಲ್ಡಪ್/07
ವಿಷಯ: ಮಲದಾನಿಗಳ ನಡವಳಿಕೆ.
ಉಲ್ಲೇಖ: ಹಿರಿಯ ನರ್ಸಮ್ಮನವರ ಮೌಖಿಕ ಬೈಗುಳ, ನಿನ್ನೆ, ಮೂರನೇ ಮಹಡಿ.

ಕಿಡ್ನಿ ಕಸಿಯಾಗಿದ್ದ ದೊಡ್ಡಮ್ಮನವರ ಕರುಳಿನಲ್ಲಿ ಯಾವ ಔಷಧಿಗೂ ಜಗ್ಗದ ಬ್ಯಾಕ್ಟೀರಿಯಾ ಠಿಕಾಣಿ ಹೂಡಿದ್ದು, ಅದು ರಕ್ತಕ್ಕಿಳಿದರೆ ಜೀವಕ್ಕೇ ಸಂಚಕಾರವೆಂದು ಅವರನ್ನು ಒಂಟಿ ಕೋಣೆಯಲ್ಲಿ ಇರಿಸಲಾಗಿತ್ತು. ಆರೋಗ್ಯವಂತರ ಮಲವನ್ನು ಸೋಸಿ, ಅದರಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಟ್ಯೂಬಿನಲ್ಲಿ ಒಳಬಿಟ್ಟು, ಕೆಟ್ಟವುಗಳಿಂದ ಜಾಗ ಖಾಲಿ ಮಾಡಿಸಲಾಗಿದೆ. ಸದರಿಯವರು ನಾಳೆ ಮನೆಗೆ ಹೊರಡುತ್ತಾರೆ. ಮುಂದಿನ ದಾನಿಗಳಿಗೆ ಕೆಳಕಂಡಂತೆ ತಾಕೀತು ಮಾಡಲಾಗಿದೆ:

1. ಡಬ್ಬಿ ಹಿಡಿದು ಕಾರಿಡಾರಿನಲ್ಲಿ ಸ್ಲೋ ಮೋಷನ್‌ನಲ್ಲಿ ನಡೆಯತಕ್ಕದ್ದಲ್ಲ. ಹಿನ್ನೆಲೆ ಸಂಗೀತವನ್ನು ಬಾಯಿಂದ ಹೊರಡಿಸುವುದೂ ಅಪರಾಧ.

2. ಡಬ್ಬಿಯ ಮೇಲೆ ನಂಬರ್ ಮಾತ್ರ ಇರತಕ್ಕದ್ದು. ಆಟೋಗ್ರಾಫ್ ಹಾಕಿದ ಡಬ್ಬಿಯನ್ನು ವಾಪಸ್ ಕಳಿಸಲಾಗುವುದು.

3. ಲಿಫ್ಟಿನಲ್ಲಿ ಯಾರಾದರೂ "ಏನಪ್ಪಾ ಅದು, ಘಮ ಘಮ ಅಂತಿದೆ?" ಎಂದು ಕೇಳಿದಲ್ಲಿ, "ಗುಂಡಿಗೆ ಇದ್ರೆ ಮುಚ್ಚಳ ತೆಗಿ ಗುರೂ" ಎಂದು ಉತ್ತರಿಸುವಂತಿಲ್ಲ. ಒಬ್ಬರು ತೆಗೆದಿದ್ದಾರೆ. ಲಿಫ್ಟು ಇನ್ನೂ ದುರಸ್ತಿಯಲ್ಲಿದೆ ಎಂದು ಬೋರ್ಡ್ ಹಾಕಲಾಗಿದೆ.

4. ರೋಗಿಯು ದಾನಿಯ ಕೆನ್ನೆ ಹಿಂಡಿ, "ನೀನಿಲ್ದಿದ್ರೆ ನಾನೆಲ್ಲಿ ಉಳೀತಿದ್ನೋ ಕಂದಾ" ಎಂದು ವಾರ್ಡಿನವರಿಗೆಲ್ಲ ಸಾರುವಾಗ, ದಾನಿಯು ಕಾಲರ್ ಎತ್ತತಕ್ಕದ್ದಲ್ಲ.

5. ಮೂರು ತಿಂಗಳೊಳಗೆ ಆ್ಯಂಟಿಬಯಾಟಿಕ್ ನುಂಗಿದವರು ಅದನ್ನು ಮೊದಲೇ ಹೇಳತಕ್ಕದ್ದು. ಮಾತ್ರೆಯು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. "ಹಲ್ಲುನೋವು ಕಣಮ್ಮಾ, ಮೂರೇ ಮೂರು" ಎಂಬ ಸಮಜಾಯಿಷಿಯನ್ನು ಪರಿಗಣಿಸಲಾಗುವುದಿಲ್ಲ.

ಪರಿಗಣಿಸಲಿಲ್ಲ ಕೂಡ. ಟ್ಯೂಬ್ ಹಾಕುವ ದಿನ ಬೆಳಿಗ್ಗೆ ನರ್ಸಮ್ಮ ಮತ್ತೊಮ್ಮೆ ಕೇಳಿದಾಗ ಬಾಯಿಬಿಟ್ಟೆ. ನನ್ನ ಡಬ್ಬಿ ಕಸಕ್ಕೆ ಹೋಯಿತು. ದೊಡ್ಡಮ್ಮ ಆ ಕೋಣೆಯಲ್ಲಿ ಜ್ವರದೊಂದಿಗೆ ಇನ್ನೂ ಹತ್ತು ದಿನ ಕಳೆದರು. ಅಷ್ಟರಲ್ಲಿ ದಾನಿಗಳ ರಕ್ತ-ಮಲ ಪರೀಕ್ಷೆ ಪಾಸಾಗಿ ಡಬ್ಬಿ ಕೊಟ್ಟವಳು ನನ್ನ ತಂಗಿ. "ಅಣ್ಣಾ, ನಂದು ಅಂತ ಯಾರ್ಗೂ ಹೇಳ್ಬೇಡ, ನಾಚ್ಕೆ ಆಗುತ್ತೆ" ಅಂದಳು. ನಾನು ತಕ್ಷಣ ಒಪ್ಪಿಕೊಂಡೆ. ದೊಡ್ಡಮ್ಮ ನಂದೇ ಅಂದುಕೊಂಡು ಕೆನ್ನೆ ಹಿಂಡಿದಾಗ ಕಾಲರ್ ಮಾತ್ರ ನಾನೇ ಎತ್ತಿದೆ.

ಸಹಿ/-
ತಿರಸ್ಕೃತ ದಾನಿ,
ಕರುಳು ವಿಭಾಗ

ಪ್ರತಿಗಳು:
1. ನರ್ಸಮ್ಮನವರಿಗೆ, ಬೈಗುಳದ ಮುಂದಿನ ಕ್ರಮಕ್ಕಾಗಿ.
2. ಲಿಫ್ಟಿನಲ್ಲಿ ಮುಚ್ಚಳ ತೆಗೆದವರಿಗೆ, ಎಚ್ಚರವಾದ ನಂತರ.
3. ತಂಗಿಗೆ, ಮಾತು ಮುರಿದದ್ದಕ್ಕೆ ಕ್ಷಮೆ ಕೋರಿ.
4. ದೊಡ್ಡಮ್ಮನವರಿಗೆ. ಕನ್ನಡಕ ಮನೆಯಲ್ಲೇ ಉಳಿದಿರುವುದರಿಂದ, ಸಹಿ ಮಾಡಿದವನೇ ಮಂಚದ ಪಕ್ಕ ನಿಂತು, ಐದನೇ ಅಂಶವನ್ನು ನುಂಗದೆ, ಗಟ್ಟಿಯಾಗಿ ಓದಿ ಹೇಳತಕ್ಕದ್ದು.