ಅಪ್ಪನ ಫ್ರೇಮಿಗೆ ಹಿಡಿದ ಗೆದ್ದಲು

ಕಳೆದ ಪಿತೃಪಕ್ಷದ ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ಅದಕ್ಕೆ ಮೂರು ದಿನ ಮುಂಚೆ, ಗುರುವಾರ ಸಂಜೆ, ಮಂಡ್ಯದ ನಮ್ಮ ಮನೆಯಲ್ಲಿ ಬೆಳಿಗ್ಗೆಯಷ್ಟೇ ಅಂಗಡಿಯಿಂದ ತಂದಿದ್ದ ಹೊಸ ಫೋಟೊ ಫ್ರೇಮೊಂದು ನೂರು ವರ್ಷ ಹಳೆಯದಾಯಿತು. ಘಟನೆಯಲ್ಲಿ ಯಾರಿಗೂ ಗಾಯಗಳಾಗಿಲ್ಲ. ಫ್ರೇಮಿನೊಳಗೆ ಇರಬೇಕಾಗಿದ್ದವರು ತೀರಿಕೊಂಡ ನಮ್ಮ ಅಪ್ಪ.

ಜಿಲ್ಲಾ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಇಂಥ ವಾಕ್ಯಗಳನ್ನು ತಿದ್ದಿ ತಿದ್ದಿ ನನಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಒಲೆಯ ಮೇಲೆ ಹಾಲು ಉಕ್ಕಿದರೆ ಎಷ್ಟು ಹೊತ್ತಿಗೆ ಉಕ್ಕಿತು, ಎಷ್ಟು ಹಾಲು ನಷ್ಟವಾಯಿತು ಎಂದು ಮನಸ್ಸು ಮೊದಲು ಕೇಳುತ್ತದೆ. ಒಲೆ ಆರಿಸಬೇಕು ಎಂಬುದು ಆಮೇಲೆ ಹೊಳೆಯುತ್ತದೆ. ಮನೆಗೇ ಬೆಂಕಿ ಬಿದ್ದರೂ ಇವರು ಅದಕ್ಕೆ ಎಷ್ಟು ಕಾಲಂ ಕೊಡುವುದು ಎಂದು ಯೋಚಿಸುತ್ತಾ ನಿಂತಿರುತ್ತಾರೆ ಎಂಬುದು ನನ್ನ ಹೆಂಡತಿ ಸವಿತಾಳ ದೂರು. ನಿನ್ನೆ ನಡೆದದ್ದನ್ನು ಇವತ್ತಿನದೆಂಬಂತೆ ಕಾಣಿಸುವುದು ನನ್ನ ಕಸುಬು. ಇವತ್ತು ಕೊಂಡದ್ದನ್ನು ಮುತ್ತಜ್ಜನ ಕಾಲದ್ದೆಂಬಂತೆ ಕಾಣಿಸುವುದು ಅವಳ ಹವ್ಯಾಸ. ಎರಡೂ ಒಂದೇ ಸೂರಿನಡಿ ನಡೆಯುವುದರಿಂದ ನಮ್ಮ ಮನೆಯ ಯಾವ ಸಾಮಾನಿಗೂ ನಿಜವಾದ ವಯಸ್ಸು ಇಷ್ಟೇ ಎಂದು ಹೇಳುವುದು ಕಷ್ಟ.

ಅವಳು ಇದನ್ನು ಮೊಬೈಲಿನ ವಿಡಿಯೊಗಳನ್ನು ನೋಡಿ ಕಲಿತಳು. ಮೊದಲು ಸಿಹಿತಿಂಡಿಯ ಡಬ್ಬ, ಆಮೇಲೆ ಲಗ್ನಪತ್ರಿಕೆ ಬಂದ ರಟ್ಟಿನ ಪೆಟ್ಟಿಗೆ, ಆಮೇಲೆ ಮದುವೆಯಲ್ಲಿ ಉಡುಗೊರೆ ಬಂದಿದ್ದ ಗಡಿಯಾರದ ಕಟ್ಟು. ಅವುಗಳ ಮೇಲೆ ಗೋಂದು ಬಳಿದು ತೆಳು ಕಾಗದವನ್ನು ಮುದುಡಿ ಅಂಟಿಸುವುದು, ಸೆಣಬಿನ ಹುರಿ, ಮೊಟ್ಟೆಯ ಸಿಪ್ಪೆ, ಮುರಿದ ಓಲೆ, ಹಳೆ ಬೀಗದ ಕೈ, ಕೈಗೆ ಸಿಕ್ಕಿದ್ದನ್ನೆಲ್ಲ ಕೂರಿಸುವುದು, ಎಲ್ಲಕ್ಕೂ ಕಪ್ಪು ಬಣ್ಣ ಹೊಡೆದು, ಒಣಗಿದ ಮೇಲೆ ಉಬ್ಬಿದ ಕಡೆಯಲ್ಲಷ್ಟೇ ಸ್ಪಂಜಿನಿಂದ ಚಿನ್ನದ ಬಣ್ಣ ತಟ್ಟುವುದು. ತುಕ್ಕಿಗೆ ಕಾಫಿ ಪುಡಿ. ನಮ್ಮ ಮನೆಯಲ್ಲಿ ತಿಂಗಳಿಗೆ ಸಾಕಾಗುತ್ತಿದ್ದ ಕಾಫಿ ಪುಡಿ ಹದಿನೈದು ದಿನಕ್ಕೇ ಮುಗಿಯತೊಡಗಿದ್ದರ ಹಿಂದಿನ ಕಾರಣ ಇದು. ಒಮ್ಮೆ ನಾನು ಬಾಗಿಲ ಪಕ್ಕ ಇದ್ದ ಪೆಟ್ಟಿಗೆಯೊಂದನ್ನು ಗುಜರಿಯವನ ಗಾಡಿಗೆ ಹಾಕಿಬಿಟ್ಟೆ. ಅವನು ಎತ್ತಿ, ತಿರುಗಿಸಿ ನೋಡಿ, ಇದು ಯಾತಕ್ಕೂ ಬರಕಿಲ್ಲ ಸಾ, ಎಂದು ವಾಪಸು ಕೊಟ್ಟ. ಅದನ್ನು ಮಾಡಲು ಅವಳಿಗೆ ಒಂದು ವಾರ ಹಿಡಿದಿತ್ತು ಎಂಬುದು ನನಗೆ ಆಮೇಲೆ, ಸಾಕಷ್ಟು ವಿವರವಾಗಿ, ತಿಳಿಯಿತು.

ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ಅಪ್ಪನ ಫೋಟೊದ ಗಾಜು ಬಿರುಕು ಬಿಟ್ಟಿತ್ತು. ಪಕ್ಷದ ದಿನ ಎಡೆಯ ಮುಂದೆ ಅದನ್ನೇ ಇಡುವುದು. ಬರುವ ನಂಟರ ಕಣ್ಣೆಲ್ಲ ಅದರ ಮೇಲೆಯೇ. ಈ ಸಲ ಹೊಸ ಫ್ರೇಮು ಹಾಕಿಸು ಎಂದಳು ಅವ್ವ. ನಾನು ಬಂಗಾರದ ಬಣ್ಣದ, ಮುಖ ಕಾಣುವಷ್ಟು ಹೊಳೆಯುವ ಫ್ರೇಮು ತಂದು ಮೇಜಿನ ಮೇಲಿಟ್ಟು ಆಫೀಸಿಗೆ ಹೋದೆ. ಮಧ್ಯಾಹ್ನ ಸವಿತಾ ಫೋನು ಮಾಡಿ ಏನೋ ಕೇಳಿದಳು. ನನ್ನ ಮುಂದೆ ನಾಲೆಗೆ ನೀರು ಬಿಡುವ ಸುದ್ದಿ ಇತ್ತು. ಹೂಂ ಎಂದೆ. ಅವಳು ಕೇಳಿದ್ದು, ಮಾವನ ಕೆಟ್ಟುಹೋದ ಕೈಗಡಿಯಾರದ ಚಕ್ರಗಳನ್ನು ಅವರ ಫ್ರೇಮಿನ ಮೂಲೆಗೆ ಕೂರಿಸಿ ನನ್ನ ಕೈಯಾರೆ ಅಲಂಕಾರ ಮಾಡಲೇ ಎಂದು.

ಸಂಜೆ ಮನೆಗೆ ಬಂದಾಗ ಅವ್ವ ಫ್ರೇಮಿನ ಎದುರು ಕುಳಿತಿದ್ದಳು. ಕೆಲಸ ಮಾತ್ರ ಅಚ್ಚುಕಟ್ಟು ಎಂದು ದಾಖಲಿಸಬೇಕು. ನಾಲ್ಕೂ ಕಡೆ ತುಕ್ಕು, ಅಂಚಿಗೆ ಮಣ್ಣಿನಂಥ ಗೆರೆ, ಕಾಯಿಸಿದ ಸೂಜಿಯಿಂದ ಚುಚ್ಚಿದ ಸಣ್ಣ ತೂತುಗಳು, ಮೂಲೆಯಲ್ಲಿ ಅಪ್ಪನ ಗಡಿಯಾರದ ಹಲ್ಲಿನ ಚಕ್ರಗಳು.

"ನಾನು ಯೋಳಿದ್ದು ಹೊಸದು ತಾ ಅಂತ," ಎಂದಳು ಅವ್ವ. "ಇದು ನಿಮ್ಮಪ್ಪನಿಗಿಂತ ಹಳೇದು."

ಸವಿತಾ ಬಣ್ಣದ ಡಬ್ಬಿಗಳ ಮುಚ್ಚಳ ಹಾಕತೊಡಗಿದಳು. ಅವಳು ಏನಾದರೂ ಹೇಳಿದರೆ ನಾನು ನಿಭಾಯಿಸಬಲ್ಲೆ. ಅವಳಿಗೆ ಮಾವನೆಂದರೆ ಪ್ರೀತಿ. ಅವರ ಕೊನೆಯ ವರ್ಷಗಳಲ್ಲಿ ಔಷಧಿ, ಊಟ ಎಲ್ಲ ಅವಳ ಕೈಯಲ್ಲೇ ನಡೆದಿತ್ತು. ಈವರೆಗೆ ಮಾಡಿದ ಪೆಟ್ಟಿಗೆಗಳೆಲ್ಲ ಹವ್ಯಾಸ. ಇದೊಂದು ಹಾಗಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. ನಾನು ವೃತ್ತಿಧರ್ಮದಂತೆ ಎರಡೂ ಕಡೆಯವರ ಹೇಳಿಕೆ ಪಡೆದೆ. ಅವ್ವನಿಗೆ, ಭಾನುವಾರದೊಳಗೆ ಬೇರೆ ತರುತ್ತೇನೆ ಎಂದೆ. ಸವಿತಾಗೆ, ಇದನ್ನೇ ಇಡೋಣ ಎಂದೆ. ಸಮತೋಲನ ಸಾಧಿಸಿದ ತೃಪ್ತಿಯಲ್ಲಿ ಮಲಗಿದೆ. ಬೆಳಗಾಗುವಷ್ಟರಲ್ಲಿ ಅವರಿಬ್ಬರೂ ಅಡುಗೆಮನೆಯಲ್ಲಿ ಹೇಳಿಕೆಗಳನ್ನು ಹೋಲಿಸಿ ನೋಡಿದ್ದರು. ಕಡೆಗೆ ಅವ್ವನೇ ತೀರ್ಮಾನ ಹೇಳಿದಳು. ಪೂಜೆ ಮಾಡುವವರು ಚಿಕ್ಕಪ್ಪ, ಬದುಕಿರುವ ಗಂಡಸರಲ್ಲಿ ಮನೆಗೆ ಹಿರಿಯರು. ಅವರು ಒಪ್ಪಿದರೆ ಸವಿತಾಳ ಫ್ರೇಮು, ಒಪ್ಪದಿದ್ದರೆ ಬಿರುಕು ಗಾಜಿನದು.

ಈ ಚಿಕ್ಕಪ್ಪ ಇರುವುದು ಬೆಸಗರಹಳ್ಳಿಯಲ್ಲಿ. ಮದ್ದೂರಿನಲ್ಲಿ ಮೂವತ್ತು ವರ್ಷ ಕ್ರಿಮಿನಾಶಕದ ಅಂಗಡಿ ನಡೆಸಿದವರು. ಅಂಗಡಿ ಮುಚ್ಚಿದರೂ ಅಭ್ಯಾಸ ಮುಚ್ಚಿಲ್ಲ. ಯಾರ ಮನೆಗೆ ಹೋದರೂ ಮೊದಲು ನೋಡುವುದು ಬಾಗಿಲ ಚೌಕಟ್ಟು, ಆಮೇಲೆ ಮನುಷ್ಯರು.

ನಮ್ಮ ಕಡೆ ಹಿರಿಯರ ಎಡೆಯಲ್ಲಿ ಅವರಿಗೆ ಇಷ್ಟವಾದದ್ದೆಲ್ಲ ಇರಬೇಕು. ಅಪ್ಪನಿಗೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ, ಮಡಿಸಿದ ಹೊಸ ಪಂಚೆ. ಕಾಫಿ ಮಾತ್ರ ಇಲ್ಲ. ಅಪ್ಪನಿಗೆ ಪ್ರಾಣಕ್ಕಿಂತ ಹೆಚ್ಚು ಬೇಕಾಗಿದ್ದದ್ದೇ ಕಾಫಿ, ಅದೂ ಚಮಚ ನಿಲ್ಲುವಷ್ಟು ಸಕ್ಕರೆ ಹಾಕಿದ್ದು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಬೇಡವೆಂದರು, ಅವ್ವ ನಿಲ್ಲಿಸಿದಳು. ಅವರು ಹೋದ ಮೇಲೂ ಪಥ್ಯ ಸಡಿಲಿಸಲಿಲ್ಲ. ಬೆಳಕವಾಡಿಯಿಂದ ಬರುವ ಸೋದರತ್ತೆ, ಅಪ್ಪನ ತಂಗಿ, ಪ್ರತಿ ವರ್ಷವೂ ಈ ವಿಷಯ ಎತ್ತುತ್ತಾರೆ. ಪ್ರತಿ ವರ್ಷವೂ ಅವ್ವ, ಡಾಕ್ಟ್ರು ಯೋಳವ್ರೆ, ಎಂದು ಮುಗಿಸುತ್ತಾಳೆ. ಈ ಸಲವೂ ಆ ಮಾತು ಭಾನುವಾರ ಬೆಳಿಗ್ಗೆಯೇ ಆಗಿತ್ತು.

ಚಿಕ್ಕಪ್ಪ ಬಂದರು. ಕೈಕಾಲು ತೊಳೆದು ನಡುಮನೆಗೆ ಬಂದವರು ಫ್ರೇಮಿನ ಮುಂದೆ ಬಗ್ಗಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ಸವಿತಾ ಸೆರಗಿನ ತುದಿ ಹಿಡಿದು ನಿಂತಿದ್ದಳು.

"ಲೇ ಸಂಕ್ರ," ಎಂದು ನನ್ನನ್ನು ಕರೆದರು, "ನಿಮ್ಮಪ್ಪಂಗೆ ಗೆದ್ದಲು ಅತ್ತದೆ ಕಣ್ಲಾ."

"ಅದು ಗೆದ್ದಲಲ್ಲ ಮಾವ. ನಾನೇ ಮಾಡಿದ್ದು," ಎಂದಳು ಸವಿತಾ.

"ಗೆದ್ದಲ್ನ ನೀನ್ ಮಾಡ್ದಾ? ಬುಡವ್ವ. ಮೂವತ್ ವರ್ಸ ಅದಕ್ಕೆ ಔಸ್ದಿ ಮಾರಿವ್ನಿ. ನಂಗೆ ಗೊತ್ತಾಗಕಿಲ್ವಾ? ಒಳಗೆ ಇನ್ನೂ ಜೀವ ಅದೆ, ನೋಡು ತೂತ್ವಾ."

ಆ ವಾರದಲ್ಲಿ ಮೊದಲ ಬಾರಿಗೆ ಸವಿತಾಳ ಮುಖ ಅರಳಿತು. ಆದರೆ ಚಿಕ್ಕಪ್ಪ ಆಗಲೇ ಹೊರಗೆ ಹೋಗಿ ಸ್ಕೂಟರಿನ ಡಿಕ್ಕಿಯಿಂದ ಒಂದು ಬಾಟಲಿ ತಂದಿದ್ದರು. ಮುಚ್ಚಳ ಬಿಚ್ಚುತ್ತಿದ್ದಂತೆ ಮನೆಯೆಲ್ಲ ವಾಸನೆ. ಒಂದು ತೊಟ್ಟು ಬಿದ್ದರೂ ಬಣ್ಣ, ಅಂಟು, ಗಡಿಯಾರದ ಚಕ್ರ ಎಲ್ಲ ಇಳಿದುಹೋಗುವುದು ಖಚಿತವಿತ್ತು. ನಾನು ಬಾಗಿಲ ಬಳಿ ನಿಂತು ಗಮನಿಸುತ್ತಿದ್ದೆ. ಸವಿತಾ ಅಡ್ಡ ಬಂದು, ಔಷಧಿ ಆಮೇಲೆ ಹಾಕಿ, ಮೊದಲು ಉಗುರಿನಲ್ಲಿ ಕೆರೆದು ನೋಡಿ, ಎಂದಳು. ಚಿಕ್ಕಪ್ಪ ಕೆರೆದರು. ಮೂಸಿದರು. ಯಾರೂ ತಡೆಯುವ ಮುಂಚೆ ನಾಲಗೆಗೆ ಹಚ್ಚಿಕೊಂಡರು.

"ಕಾಫಿ ಪುಡಿ," ಎಂದರು. ಇನ್ನೊಮ್ಮೆ ನಾಲಗೆ ಚಪ್ಪರಿಸಿ, "ಚಿಕೋರಿ ಜಾಸ್ತಿ ಅದೆ."

ಬೆಳಕವಾಡಿ ಅತ್ತೆ ಸಿಕ್ಕ ಅವಕಾಶ ಬಿಡುವವರಲ್ಲ. "ನೋಡ್ದಾ ಅತ್ಗೆ," ಎಂದರು. "ನೀನು ಒಂದ್ಲೋಟ ಕೊಡಕ್ಕೆ ಇಂದೆ ಮುಂದೆ ನೋಡ್ದೆ. ನಿನ್ ಸೊಸೆ ಅಣ್ಣಯ್ಯನ ಸುತ್ತಾ ಮೆತ್ತವ್ಳೆ."

ಅವ್ವ ಹತ್ತಿರ ಬಂದು ಕುಳಿತಳು. ಫ್ರೇಮನ್ನು ನೋಡಿದಳು, ಮೂಲೆಯ ಚಕ್ರಗಳನ್ನು ನೋಡಿದಳು. ಅದು ಯಾವ ಗಡಿಯಾರದ್ದೆಂದು ಅವಳಿಗೆ ಆಗ ಗೊತ್ತಾಯಿತೆಂದು ಕಾಣುತ್ತದೆ. ಬೆರಳಿನಿಂದ ಒಂದನ್ನು ಮುಟ್ಟಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಅತ್ತೆಯ ಮಾತಿಗೆ ನೊಂದುಕೊಂಡಳೆಂದು ನಾವೆಲ್ಲ ಅಂದುಕೊಂಡೆವು. ಒಳಗಿನಿಂದ ಹಾಲು ಕಾಯುವ ಸದ್ದು ಕೇಳಿತು. ಅವಳು ಹೊರಗೆ ಬಂದಾಗ ಕೈಯಲ್ಲಿ ಅಪ್ಪನ ಹಿತ್ತಾಳೆ ಲೋಟವಿತ್ತು, ತುಂಬಾ ಕಾಫಿ.

"ಆ ಫ್ರೇಮ್ನೇ ಇಡು ಸವಿತಾ," ಎಂದಳು.

ಅತ್ತೆ ಸಕ್ಕರೆ ಹಾಕಿದ್ದೀಯಾ ಎಂದು ಕೇಳಿದರು. ಅವ್ವ ಲೋಟವನ್ನು ಎಲೆಯ ಬಲಕ್ಕಿಟ್ಟು ಫೋಟೊ ಕಡೆ ತಿರುಗಿ, "ಕುಡ್ಕಳಿ. ಡಾಕ್ಟ್ರಿಗೆ ನಾನೇನ್ ಯೋಳಕಿಲ್ಲ," ಎಂದಳು.

ಸಾಂಬ್ರಾಣಿ ಹಾಕಿ, ರೂಢಿಯಂತೆ ಬಾಗಿಲು ಮುಂದಕ್ಕೆಳೆದು, ಹಿರಿಯರು ಬಂದು ಊಟ ಮಾಡಲೆಂದು ನಾವೆಲ್ಲ ಹೊರಗೆ ನಿಂತೆವು. ಸವಿತಾ ಅವ್ವನ ಪಕ್ಕದಲ್ಲಿ ನಿಂತಿದ್ದಳು. ಮತ್ತೆ ಬಾಗಿಲು ತೆರೆದಾಗ ಲೋಟದಲ್ಲಿ ಕಾಫಿಯ ಮಟ್ಟ ಇಳಿದಿತ್ತೇ ಎಂಬುದನ್ನು ನಾನು ಪರಿಶೀಲಿಸಲಿಲ್ಲ. ಆಮೇಲೆ ಅದನ್ನು ಪ್ರಸಾದವೆಂದು ಕುಡಿದವರು ಚಿಕ್ಕಪ್ಪ. ಅವರಿಗೂ ಸಕ್ಕರೆ ಕಾಯಿಲೆ ಇದೆ. ಹೊರಡುವಾಗ ಬಾಟಲಿಯನ್ನು ನಮ್ಮಲ್ಲೇ ಬಿಟ್ಟು, ಎಂದಾದರೂ ನಿಜವಾದದ್ದು ಬಂದರೆ ಇರಲಿ ಎಂದರು.

ಈಗ ಸವಿತಾ ಅದೇ ಅಳತೆಯ ಇನ್ನೊಂದು ಫ್ರೇಮು ಹಿಡಿದಿದ್ದಾಳೆ. ಯಾರಿಗೆಂದು ಕೇಳಿದೆ. ಯಾರಿಗೂ ಅಲ್ಲ, ಇರಲಿ ಅಂತ, ಎಂದಳು. ಆಮೇಲೆ ತಲೆ ಎತ್ತದೆ, "ರೀ, ನಿಮಗೆ ಕಾಫಿ ಜಾಸ್ತಿ ಇಷ್ಟವಾ, ಟೀನಾ?" ಎಂದು ಕೇಳಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕೇಳುವ ಪ್ರಶ್ನೆಯೇ ಎಂದೆ. ಮೊದಲೇ ತಿಳಿದುಕೊಂಡಿದ್ದರೆ ಕೊನೆಯಲ್ಲಿ ಗೊಂದಲ ಇರುವುದಿಲ್ಲ ಎಂದಳು. ನಾನು ಉತ್ತರ ಕೊಟ್ಟಿಲ್ಲ. ಇವತ್ತು ಬೆಳಿಗ್ಗೆ ನೋಡಿದಾಗ ಅವಳ ಕೆಲಸದ ಮೇಜಿನ ಮೇಲೆ ಒಡೆಯದ ಟೀ ಪುಡಿಯ ಪೊಟ್ಟಣವೊಂದು ಇತ್ತು.